ನಿನ್ನನ್ನು ನೀರಿನಿಂದ ಎಳೆದವನು ದೇವೀಂದ್ರ

ಹಾಸ್ಟೆಲ್, ಕಲಬುರ್ಗಿ
೧ ನವೆಂಬರ್ ೧೯೫೩, ರವಿವಾರ

ಬಸವಂತಣ್ಣಾ,

ಇಲ್ಲಿಯವರೆಗೆ ನಿನಗೆ ಬರೆದ ಕಾಗದಗಳಲ್ಲೆಲ್ಲ ಮೊದಲು ತೀರ್ಥರೂಪ ಎಂದು ಬರೆದು, ಆಮೇಲೆ ಕ್ಷೇಮ ಕೇಳಿ, ಆಮೇಲೆ ಇಲ್ಲಿಯ ಮಳೆ ಬೆಳೆ ತಿಳಿಸಿ, ಕೊನೆಗೆ ನನಗೆ ಬೇಕಾದ ಪುಸ್ತಕದ ಹೆಸರು ಬರೆಯುತ್ತಿದ್ದೆ. ಹಾಗೆ ಬರೆಯಬೇಕೆಂದು ಕಲಿಸಿದವನು ನೀನೇ. ಎಂಟು ವರ್ಷದವನಿದ್ದಾಗ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ಹೋಗುವ ದಿನ ಮಂಚದ ಮೇಲೆ ಕೂಡ್ರಿಸಿ, ಅಳು ನಿಲ್ಲಿಸಲೆಂದು ಕಾಗದ ಬರೆಯುವುದನ್ನು ಹೇಳಿಕೊಟ್ಟಿದ್ದೆ. ಇವತ್ತು ಆ ಸಾಲುಗಳಲ್ಲಿ ಒಂದನ್ನೂ ಬರೆಯುವುದಿಲ್ಲ. ನೀನು ಕ್ಷೇಮವಾಗಿದ್ದೀ ಎಂಬುದು ನನಗೆ ಗೊತ್ತು. ಯಾರಿಂದ ಕ್ಷೇಮವಾಗಿದ್ದೀ ಎಂಬುದೂ ಗೊತ್ತು. ನನ್ನ ಜಗಳ ಅದರದೇ.

ನಿನ್ನ ಕಾರ್ಡು ನಿನ್ನೆ ಬಂತು. 'ಟೂರ್ ಗ್ರ್ಯಾಂಡ್ ಸಕ್ಸೆಸ್. ಚಿಂಚೋಳಿಯವರು ಒಪ್ಪಿದರು. ಲಗ್ನ ಮಾಘದಲ್ಲಿ. ನಿನಗೆ ಸೂಟ್ ಹೊಲಿಸುತ್ತೇನೆ.' ನಾನು ಅದನ್ನು ಎದುರಿನ ಮಂಚದ ಮೇಲೆ ಇಟ್ಟು ಓದಿದೆ. ಆ ಮಂಚ ಖಾಲಿ ಇದೆ. ಅದರ ಮೇಲೆ ಮಲಗುತ್ತಿದ್ದ ದೇವೀಂದ್ರಪ್ಪ ಮೊನ್ನೆ ಶುಕ್ರವಾರ ಬಂದು ಟ್ರಂಕು ಹೊತ್ತುಕೊಂಡು ಹೋದ. ಇದು ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ. ಮೊದಲಿನ ಮೂರನ್ನು ಹರಿದೆ. ಒಂದರಲ್ಲಿ ನಿನಗೆ ಬೈಗುಳ ಭಾಳ ಆಗಿದ್ದವು, ಉಳಿದೆರಡರಲ್ಲಿ ನಾನು ಕ್ಷಮೆ ಕೇಳಿಬಿಟ್ಟಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತೇ ಇದೆ. ಸಿಟ್ಟು ಬಂದರೂ ಮೊದಲು ಸಾರಿ ಅನ್ನುವ ನರ್ವಸ್ ಹುಡುಗ. ಈ ಕಾಗದದಲ್ಲಿ ಹಾಗೆ ಆಗುವುದಿಲ್ಲ.

ಬನ್ನಿ ಹಬ್ಬದ ರಜೆಗೆ ನೀನು ಹೈದರಾಬಾದಿನಿಂದ ಹೊಸ ಸೈಕಲ್ಲನ್ನು ರೈಲಿನಲ್ಲಿ ಹಾಕಿಸಿಕೊಂಡು ಬಂದೆ. 'ಅಮೃತಾ, ಲಾಂಗ್ ಟೂರ್ ಹೊಡಿಯೋಣೇನೋ? ಶಹಾಬಾದದಿಂದ ಚಿಂಚೋಳಿ ತನಕ. ಮೂರು ದಿನ!' ಅಂದೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಪ್ರೋಗ್ರಾಮ್ ಬರೆದೆ: ಮೊದಲ ದಿನ ವಾಡಿ, ಚಿತ್ತಾಪುರ, ಎರಡನೆಯ ದಿನ ಸೇಡಂ, ಮೂರನೆಯ ದಿನ ಕಾಗಿಣಾ ಹೊಳೆ ದಾಟಿ ಚಿಂಚೋಳಿ. ಪಂಕ್ಚರ್ ಸಾಮಾನು, ಅಯೋಡಿನ್, ಎರಡು ಜೊತೆ ಕಾಲುಚೀಲ. ರಜೆಗೆ ನಮ್ಮ ಮನೆಗೆ ಬಂದಿದ್ದ ದೇವೀಂದ್ರನನ್ನೂ ಕರೆದುಕೊಳ್ಳೆಂದು ನೀನೇ ಹೇಳಿದೆ. 'ಅಂಬಿಗರ ಹುಡುಗ ಜೋಡಿಗಿದ್ರ ಹೊಳಿ ಚಿಂತಿಲ್ಲ' ಅಂದದ್ದು ನಿನ್ನ ಬಾಯಿ. ಅವನು ಬಾಡಿಗೆ ಸೈಕಲ್ ತಂದ. ನಾನು ಅಪ್ಪನ ಹಳೆಯದನ್ನು ತೆಗೆದೆ. ಚಿಂಚೋಳಿಯಲ್ಲಿ ನಿನಗೊಂದು ಹೆಣ್ಣು ನೋಡುವುದಿದೆ, ಅರವತ್ತು ಮೈಲಿ ಸೈಕಲ್ ತುಳಿದು ಬಂದ ವರ ಎಂದು ಅನ್ನಿಸಿಕೊಳ್ಳುವುದಕ್ಕೇ ಈ ಟೂರು ಎಂದು ಮಾತ್ರ ನೀನು ಹೇಳಲಿಲ್ಲ. ನಾನು ಅದನ್ನು ಟೂರ್ ಅಂದುಕೊಂಡೇ ತುಳಿದೆ.

ಮೊದಲ ಎರಡು ದಿನ ನನಗೆ ಸಿಟ್ಟಿಲ್ಲ. ವಾಡಿ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ ಎಂಜಿನ್ನಿನ ಸೀಟಿಗೆ ನಾನು ಬೆಚ್ಚಿ ಬಶಿಯಲ್ಲಿದ್ದ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡಾಗ ನೀವಿಬ್ಬರೂ ನಕ್ಕಿರಿ, ನಾನೂ ನಕ್ಕೆ. ಚಿತ್ತಾಪುರದ ಹತ್ತಿರ ಫರ್ಸಿ ಕಲ್ಲಿನ ಚಪ್ಪಡಿ ನೆಟ್ಟ ಬೇಲಿಗಳ ನಡುವೆ ನೀನು ಹ್ಯಾಂಡಲ್ ಬಿಟ್ಟು ಸೈಕಲ್ ಹೊಡೆದೆ. ಅಷ್ಟು ಚಂದದ ಅಣ್ಣ ಯಾರಿಗೂ ಇಲ್ಲವೆಂದು ನನಗೆ ಅನ್ನಿಸಿತು. ಇದನ್ನೂ ಬರೆಯುತ್ತಿದ್ದೇನೆ, ಯಾಕೆಂದರೆ ಸಿಟ್ಟಿನ ಅರ್ಧ ಇಲ್ಲಿಂದಲೇ ಬಂದದ್ದು.

ಮೂರನೆಯ ದಿನ ಬೆಳಿಗ್ಗೆ ಸೇಡಮ್ಮಿನಿಂದ ಹೊರಟು ದೇವೀಂದ್ರನ ಊರಿನ, ಹೊಳೆ ದಾಟಿಸುವ ಕಡವಿಗೆ ಬಂದೆವು. ಅವನ ಅಪ್ಪ ನರಸಪ್ಪನವರು ನಮ್ಮ ಮೂರೂ ಸೈಕಲ್ಲುಗಳನ್ನು ಹರಗೋಲಿನಲ್ಲಿ ಒಂದರ ಮೇಲೊಂದು ಮಲಗಿಸಿ, ಹೊಸದಕ್ಕೆ ಗೀರು ಬೀಳದಿರಲೆಂದು ತಮ್ಮ ಕಂಬಳಿ ಹಾಸಿದರು. ಅದಕ್ಕೂ ಮೊದಲು ಅವನ ಅವ್ವ ಯಂಕಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ನೀನು ಮೂರು ರೊಟ್ಟಿ ಉಂಡೆ. ಹೊಳೆಯ ನಡುವೆ ನರಸಪ್ಪನವರು ಹುಟ್ಟು ಹಾಕುತ್ತ ನಿನಗೆ ಹೇಳಿದ್ದು ಜ್ಞಾಪಕ ಮಾಡಿಕೋ. 'ನನ್ನ ರಟ್ಟಿ ಸೋತಾವ್ರಿ ಧಣಿ. ಹ್ವಾದ ವರ್ಷನೇ ಊರವ್ರು ಕಡವು ಬ್ಯಾರೆದವ್ರಿಗಿ ಕೊಡ್ತೀವಂದ್ರು. ನನ್ನ ಹಿಂದ ಮಗಾ ಅದಾನ್ರಿ, ಹೊಳಿ ತುಂಬಿದಾಗ ಹುಟ್ಟು ಅವ ಹಿಡೀತಾನ ಅಂತ ಮಾತು ಕೊಟ್ಟು ಉಳಿಸ್ಕೊಂಡೀನಿ.' ಆ ಊರಲ್ಲಿ ದೀವಳಿಗೆಯ ಪಾಡ್ಯದ ದಿನ ಹಿರಿಯರು ಹೊಳೆಯ ದಂಡೆಗೆ ಕೂತು, ಮುಂದಿನ ವರ್ಷದ ಕಡವು ಯಾರ ಕೈಗೆಂದು ಹೇಳುತ್ತಾರೆ. ಯಾರ ಕೈಗೆ ಕಡವೋ ಅವರ ಮನೆಗೆ ಸುಗ್ಗಿಯಲ್ಲಿ ಎರಡೂ ದಂಡೆಯ ಊರುಗಳಿಂದ ಜೋಳ ಬರುತ್ತದೆ. ಆ ಜೋಳದಲ್ಲೇ ದೇವೀಂದ್ರ ಇಂಟರ್ಮೀಡಿಯೆಟ್ ಓದುತ್ತಿದ್ದ. ಈ ಮಳೆಗಾಲದಲ್ಲಿ ಹೊಳೆ ಬಂತೆಂದು ಸುದ್ದಿ ತಿಳಿದಾಗಲೆಲ್ಲ ಕ್ಲಾಸು ಬಿಟ್ಟು ರೈಲು ಹತ್ತಿ ಓಡಿದವನು ಅವನು. ಅವನ ಅಟೆಂಡೆನ್ಸಿಗೆ ನಾನು ಎಷ್ಟು ಸಲ ಪ್ರಾಕ್ಸಿ ಕೂಗಿದ್ದೇನೋ! ನರಸಪ್ಪನವರ ಮಾತಿಗೆ ನೀನು 'ಇಂಥಾ ಮಗಾ ಇದ್ದ ಮ್ಯಾಲ ನಿಮಗೇನ್ ಚಿಂತಿ ಕಾಕಾ' ಅಂದೆ. ಬೆಳಿಗ್ಗೆ ಎಂಟು ಗಂಟೆಗೆ ಅಂದ ಮಾತು ಇದು.

ಕಡವು ದಾಟಿ ಎರಡು ಮೈಲಿ ಹೋಗಿದ್ದೆವೋ ಇಲ್ಲವೋ, ಚಿಂಚೋಳಿಯ ಗುಡ್ಡಗಳ ಮೇಲೆ ಆಕಾಶ ಕರ್ರಗಾಯಿತು. ಗಾಳಿ ಎದುರಿನಿಂದ ಬಂತು, ಅದರ ಹಿಂದೆಯೇ ಮಳೆ. ತೊಗರಿ ಹೊಲಗಳ ನಡುವಿನ ಗಾಡಿದಾರಿ, ಎರೆಮಣ್ಣು. ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮಡ್‌ಗಾರ್ಡಿನ ಒಳಗೆ ಮಣ್ಣು ಕಣಕದ ಹಾಗೆ ತುಂಬಿ, ಬ್ರೇಕ್ ಹಾಕಿದಂತೆ ನಿಂತುಬಿಡುತ್ತಿತ್ತು. ಕಟ್ಟಿಗೆಯಿಂದ ಕೆರೆದು ತೆಗೆಯುವುದು, ಹತ್ತು ಮಾರು ನೂಕುವುದು, ಮತ್ತೆ ಕೆರೆಯುವುದು. ದೇವೀಂದ್ರ ಒಂದು ಬೇವಿನ ಗಿಡದ ಕೆಳಗೆ ಕೂತು ನಟ್ಟು ಬಿಚ್ಚುವ ಪಾನ ತೆಗೆದು ತನ್ನ ಸೈಕಲ್ಲಿನ ಮತ್ತು ನನ್ನದರ ಮಡ್‌ಗಾರ್ಡುಗಳನ್ನು ಬಿಚ್ಚಿ ಕ್ಯಾರಿಯರಿಗೆ ಕಟ್ಟಿದ. ಆಮೇಲೆ ನಮ್ಮ ಸೈಕಲ್ಲು ನೂಕಿದರೆ ಹೋಗುತ್ತಿದ್ದವು. 'ಅಣ್ಣೋರ, ನಿಮ್ದೂ ಬಿಚ್ತೀನಿ ಕೊಡ್ರಿ' ಅಂದ. ನೀನು ಕೊಡಲಿಲ್ಲ. ಹೊಸ ಸೈಕಲ್ಲು ಬೋಳಾಗಿ ಕಾಣುತ್ತದೆ ಅಂದೆ. ಆ ಮಳೆಯಲ್ಲಿ, ಆ ಹೊಲದಲ್ಲಿ ಯಾರಿಗೆ ಕಾಣಬೇಕಿತ್ತೋ ನನಗೆ ಅವಾಗ ತಿಳಿಯಲಿಲ್ಲ. ಹೈದರಾಬಾದಿನ ರೇನ್‌ಕೋಟಿನ ಮೇಲೆ ಸೈಕಲ್ಲನ್ನು ಹೆಗಲಿಗೆ ಹೊತ್ತು ನೀನು ನಡೆದೆ. ಹೀಗೇ ಮೂರು ಮೈಲಿ ಹೋದೆವು. ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ನ್ಯುಮೋನಿಯಾ ಆದರೆ ಪರೀಕ್ಷೆಯ ಗತಿಯೇನು ಎಂದು ನಾನು ಯೋಚಿಸುತ್ತಿದ್ದೆ. ನನ್ನ ತಲೆಯಲ್ಲಿ ಯಾವಾಗಲೂ ಇಂಥವೇ.

ಆಮೇಲೆ ಆ ಹಳ್ಳ.

ಅಲ್ಲಿ ಮಳೆ ಸಣ್ಣಗಾಗಿತ್ತು. ನೀರು ಮೊಣಕಾಲಿಗಿಂತ ಸ್ವಲ್ಪ ಮೇಲೆ ಅಷ್ಟೇ, ಆಚೆ ದಂಡೆ ಕಲ್ಲೆಸೆದರೆ ಮುಟ್ಟುವಷ್ಟು ದೂರ. ದೇವೀಂದ್ರ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಬೊಗಸೆಯಲ್ಲಿ ನೀರು ತೆಗೆದು ನೋಡಿದ. ನಮಗೂ ತೋರಿಸಿದ. ದಂಡೆಯ ಮಣ್ಣು ಕಪ್ಪು, ಬೊಗಸೆಯ ನೀರು ಕೆಂಪು.

'ಇದು ಇಲ್ಲೀ ಮಳಿ ನೀರಲ್ರಿ ಅಣ್ಣೋರ, ಗುಡ್ಡದ್ದು. ಕೆಂಪ್ ನೀರಿನ ಹಿಂದ ದೊಡ್ಡ ನೀರ್ ಬರ್ತದ. ಒಂದೆರಡ್ ತಾಸು ಕುಂದ್ರಿ, ಇಳದ ಮ್ಯಾಲ ಹೋಗಾಮು.'

'ಅಂಬಿಗರವ ಆಗಿ ನೀರಿಗಿ ಅಂಜ್ತಿಯೇನಲೇ?'

'ಅಂಬಿಗರವ ಇದ್ದುದಕ್ಕೇ ಅಂಜ್ಲಿಕತ್ತೀನ್ರಿ. ನೀರ್ ಗೊತ್ತಿಲ್ದವ್ರು ಅಂಜಂಗಿಲ್ಲ.'

ನೀನು ನಕ್ಕು, 'ನಿಮ್ಮಪ್ಪ ಹುಟ್ಟು ನಿನ್ನ ಕೈಯಾಗ ಕೊಟ್ರ ಊರಮಂದಿ ದಂಡೀ ಮ್ಯಾಲೇ ಮುದುಕರಾಗ್ತಾರ' ಅಂದು, ಸೈಕಲ್ಲು ಹೆಗಲ ಮೇಲಿದ್ದಂತೆಯೇ ಇಳಿದೆ. ನಾಲ್ಕು ಗಂಟೆಗೆ ನೀನು ನೋಡಬೇಕಿದ್ದ ಹೆಣ್ಣು ನೀಲಾಬಾಯಿ ಚಹಾದ ತಟ್ಟೆ ಹಿಡಿದು ಬರುವಳೆಂಬುದು ನಿನಗೊಬ್ಬನಿಗೇ ಗೊತ್ತಿತ್ತು.

ನಡುನೀರಿನಲ್ಲಿ ನೀನಿದ್ದಾಗ ದೊಡ್ಡ ನೀರು ಬಂತು. ಸದ್ದು ಮೊದಲು ಬಂತು, ಗೂಡ್ಸ್ ಗಾಡಿಯ ಹಾಗೆ. ನೀರು ನಿನ್ನ ಎದೆಗೆ ಏರಿ, ಸೈಕಲ್ಲಿನ ಗಾಲಿಗಳಿಗೆ ಕಸಕಡ್ಡಿ ಸಿಕ್ಕಿ, ಅದು ನಿನ್ನನ್ನು ಎಳೆದುಕೊಂಡು ಹೊರಟಿತು. ನೀನು ಸೈಕಲ್ ಬಿಡಲಿಲ್ಲ. 'ಬಿಡ್ರೀ, ಸೈಕಲ್ ಬಿಡ್ರೀ' ಎಂದು ಕೂಗುತ್ತ ದೇವೀಂದ್ರ ಹಾರಿದ. ನೀನು 'ಅವ್ವಾ' ಎಂದು ಒದರಿದೆ, ಎರಡು ಸಲ. ನಾನು ಕೇಳಿದ್ದೇನೆ. ಈಜು ಬಾರದ ನಾನು ದಂಡೆಯ ಮೇಲೆ ಎರಡು ಸೈಕಲ್ಲುಗಳನ್ನು ಬೀಳದಂತೆ ಹಿಡಿದು ನಿಂತಿದ್ದೆ. ಅವು ಬಿದ್ದರೆ ಏನಾಗುತ್ತಿತ್ತು ಹೇಳು? ಆದರೂ ಹಿಡಿದಿದ್ದೆ.

ಮುಳುಗುವವನು ಹಿಡಿದದ್ದನ್ನು ಬಿಡುವುದಿಲ್ಲ, ಅದಕ್ಕೇ ಅಂಬಿಗರು ಮೊದಲು ಹೊಡೆಯುತ್ತಾರೆ, ಆಮೇಲೆ ಎಳೆಯುತ್ತಾರೆ. ಅವರ ಮಕ್ಕಳಿಗೆ ಈಜಿನ ಜೊತೆಗೇ ಇದನ್ನು ಕಲಿಸುತ್ತಾರಂತೆ. ದೇವೀಂದ್ರ ನಿನ್ನ ಹಿಂದಿನಿಂದ ಬಂದು ಕೆನ್ನೆಗೆ ಎರಡು ಏಟು ಹಾಕಿದ. ನಿನ್ನ ಕೈ ಸಡಿಲಾಯಿತು, ಸೈಕಲ್ಲು ಹೋಯಿತು. ಅವನು ನಿನ್ನ ಕೂದಲು ಹಿಡಿದು ಓರೆಯಾಗಿ ನೀರಿನ ಜೊತೆಗೇ ಹೋಗುತ್ತ ಕೆಳಗಿನ ತಿರುವಿನಲ್ಲಿ ದಂಡೆಗೆ ಹಾಕಿದ. ನಾನು ಓಡಿ ಬಂದಾಗ ನೀನು ಕೆಂಪು ನೀರು ಕಾರುತ್ತಿದ್ದೆ. ಅವನ ಅಂಗೈ ಚೈನಿಗೆ ಸಿಕ್ಕು ಹರಿದು ಮಾಂಸ ಕಾಣುತ್ತಿತ್ತು. ಉಸಿರು ತಿರುಗಿದ ಮೇಲೆ ನೀನು ಆಡಿದ ಮೊದಲ ಮಾತು ಇದು: 'ನನ್ನ ಮೈ ಮ್ಯಾಲ ಕೈ ಮಾಡ್ದಿಯೇನಲೇ?'

ಅವನು ನಕ್ಕ. 'ಮಾಡ್ದೆ ರೀ. ಇಲ್ಲಂದ್ರ ಸೈಕಲ್ ಜೋಡಿ ನೀವೂ ಹೊಳಿಗಿ ಟೂರ್ ಹೋಗ್ತಿದ್ರಿ.'

ನಾನು ಅಯೋಡಿನ್ ಹಚ್ಚಿದೆ. ಎರಡು ತಾಸಿನ ಮೇಲೆ ನೀರು ಇಳಿಯಿತು, ಅವನು ಹೇಳಿದ್ದ ಹಾಗೆಯೇ. ಆ ಹರಿದ ಕೈಯಲ್ಲೇ ಅವನು ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿದ್ದ ನಿನ್ನ ಸೈಕಲ್ಲನ್ನು ಬಿಡಿಸಿ ತಂದ. ಹ್ಯಾಂಡಲ್ ಸೊಟ್ಟಗಾಗಿತ್ತು. ಮಡ್‌ಗಾರ್ಡು ಹಾಗೇ ಇದ್ದವು.

ಚಿಂಚೋಳಿಗೆ ಹತ್ತಿಕೊಂಡೇ ಇರುವ ಚಂದಾಪುರದಲ್ಲಿ, ಹೆಣ್ಣಿನ ಕಡೆಯ ಸಾಹುಕಾರರ ಮನೆಯಲ್ಲಿ ನಿನಗೆ ಜರಿ ಅಂಚಿನ ಧೋತರ ಕೊಟ್ಟರು, ನನಗೆ ಶಾಲು. ದೇವೀಂದ್ರನಿಗೆ ಬಾಗಿಲಾಚೆ ಕಟ್ಟೆ ತೋರಿಸಿದರು. ಅವನು ಒದ್ದೆ ಬಟ್ಟೆಯಲ್ಲೇ ಕೂತ. ಪಡಸಾಲೆಯಲ್ಲಿ ಇಪ್ಪತ್ತು ಮಂದಿ, ಅಂಗಳದಲ್ಲಿ ಸಾಹುಕಾರರ ಗಾಡಿಯಾಳುಗಳು. ಮನೆಯ ಮುದುಕಿ ಗುರುಲಿಂಗಮ್ಮ ನಿನ್ನ ಕೆನ್ನೆ ನೋಡಿ, 'ಇದೇನೋ ನಮ್ಮಪ್ಪಾ, ಐದು ಬೆರಳು ಮೂಡ್ಯಾವ? ಹೆಣ್ ಕೊಡಾಕ ಬ್ಯಾರೇ ಯಾರರ ಮೊದ್ಲೇ ಒಲ್ಲೆ ಅಂದಾರೇನು?' ಎಂದು ಕೇಳಿದಳು. ಎಲ್ಲರೂ ನಕ್ಕರು. ಆ ನಗು ನಿನಗೆ ತಡೆಯಲಾಗಲಿಲ್ಲ. ಬಾಗಿಲ ಕಡೆ ಕೈ ಮಾಡಿ ನೀನು ಹೇಳಿದೆ: 'ಆ ಹುಡುಗ ಹಳ್ಳದಾಗ ಕೊಚ್ಚಿ ಹೋಗ್ಲಿಕತ್ತಿದ್ದ. ಎಳೀಲಿಕ್ಕ ಹೋದ್ರ ಅಂಜಿ ನನಗೇ ಬಡದ. ಹೆಂಗೋ ದಂಡಿಗಿ ಹಾಕ್ದೆ. ಸೈಕಲ್ ಹಾಳಾದ್ರ ಆಗ್ಲಿ, ಒಂದ್ ಜೀವ ಉಳೀತು.'

'ಅಂಬಿಗರ ಹುಡುಗನ್ನ ನೀವು?' ಅಂದರು ಸಾಹುಕಾರರು. 'ಭಲೇ ಅಳಿಯಾ! ಮೀನಿಗಿ ಈಜು ಕಲಿಸೀರಿ ನೋಡ್ರಿ!' ಗಾಡಿಯಾಳುಗಳು ಬಿದ್ದು ಬಿದ್ದು ನಕ್ಕರು. ನೀಲಾಬಾಯಿಯವರು ಬಾಗಿಲ ಸಂದಿನಿಂದ ನಿನ್ನನ್ನು ದೇವರನ್ನು ನೋಡಿದ ಹಾಗೆ ನೋಡುತ್ತಿದ್ದರು. ಅಷ್ಟಕ್ಕೇ ನೀನು ಬಿಡಬಹುದಿತ್ತು. ಬಿಡದೆ ನನ್ನ ಕಡೆ ತಿರುಗಿ 'ಹೌದಿಲ್ಲೋ ಅಮೃತಾ?' ಅಂದೆ.

ನಾನು ಹೌದು ಅಂದೆ.

ದೊಡ್ಡವರು ಕೇಳಿದ ಕೂಡಲೇ ಹೌದು ಅನ್ನುವುದನ್ನು ಹತ್ತು ವರ್ಷದ ಹಾಸ್ಟೆಲ್ಲು ನನಗೆ ಕಲಿಸಿದೆ. ಅದು ನೆಪ, ನನಗೆ ಗೊತ್ತು. ಸಿಟ್ಟು ನಿನ್ನ ಮೇಲೆ ಎಷ್ಟಿದೆಯೋ ಅದಕ್ಕಿಂತ ಒಂದು ಹಿಡಿ ಹೆಚ್ಚು ನನ್ನ ಮೇಲಿದೆ. ದೇವೀಂದ್ರ ಕಟ್ಟೆಯಿಂದ ಒಳಗೆ ನೋಡಿದ. ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆಮೇಲೆ ತನಗೆ ಕೊಟ್ಟಿದ್ದ ಚಹಾದ ಬಶಿಯನ್ನು ಕೆಳಗಿಟ್ಟು ಸೈಕಲ್ ತೆಗೆದುಕೊಂಡು ಹೋದ. 'ಹೇಳ್ದೇ ಕೇಳ್ದೇ ಹ್ವಾದ, ಉಪಕಾರ ಇಲ್ಲ' ಎಂದರು ಯಾರೋ. ನೀನು ಹೂಂಗುಟ್ಟಿದೆ.

ಸಾಹುಕಾರರ ಗಾಡಿಗಳು ಸೇಡಂ ಸಂತೆಗೆ ಹೋಗುವುದು ಅದೇ ಕಡವಿನಿಂದ ಎಂಬುದು ನಿನ್ನ ತಲೆಗೆ ಬಂದಿತ್ತೋ ಇಲ್ಲವೋ. ಗಾಡಿಯಾಳುಗಳು ಆ ನಗುವನ್ನು ಜೊತೆಗೇ ಹೇರಿಕೊಂಡು ಹೋದರು. ಈಗ ನೀರಿಗೆ ಬಂದ ಹೆಂಗಸರು ಯಂಕಮ್ಮನವರಿಗೆ 'ನಿನ್ನ ಮಗನ್ನ ಹಳ್ಳದ ಕಡೀ ಬಿಡಬ್ಯಾಡವಾ, ಕೊಡ ಕೊಟ್ಟು ಬಾವಿಗಿ ಕಳಿಸು' ಅನ್ನುತ್ತಾರಂತೆ. ಹಿರಿಯರು ನರಸಪ್ಪನವರನ್ನು ಕರೆದು, 'ಹಳ್ಳದಾಗ ಹೋಗೋನು ಹೊಳಿಯಾಗ ನಮ್ಮ ಹೆಣ್ಮಕ್ಕಳ್ನ ಹೆಂಗ್ ದಾಟಸ್ತಾನ? ಪಾಡ್ಯಕ್ಕ ಕಡವು ಬ್ಯಾರೆದವ್ರಿಗಿ' ಎಂದು ಹೇಳಿದ್ದಾರೆ. ಇದನ್ನೆಲ್ಲ ಅವನು ಶುಕ್ರವಾರ ಟ್ರಂಕಿಗೆ ಹಗ್ಗ ಕಟ್ಟುತ್ತ ಹೇಳಿದ. ದನಿ ಎತ್ತಲಿಲ್ಲ. ನಾನೇ ಕೂಗಾಡಿದೆ. 'ನೀನು ಖರೇ ಏನಂತ ಹೇಳಬೇಕಿತ್ತು' ಅಂದೆ.

'ಹೇಳ್ದೆ. ಸಾಹುಕಾರ್ರ ಅಳಿಯ ಸುಳ್ಳಾಡ್ತಾನೇನಲೇ, ನಿನ್ನ ದೋಸ್ತನೇ ಹೌದಂದಾನಲ್ಲ ಅಂದ್ರು. ನೀ ಹೌದಂದ ಮ್ಯಾಲ ನಂದೇನ್ ನಡೀತದ?'

'ನಿಮ್ಮಪ್ಪ?'

ಅವನು ಹಗ್ಗದ ಗಂಟನ್ನು ಭಾಳ ಹೊತ್ತು ಬಿಗಿದ. 'ಅಪ್ಪ ಒಂದಿನ ಸಂಜೀಕ ಹರಗೋಲ ಬೋರಲ ಹಾಕಿ, ತಮ್ಮಾ, ನೀ ನೀರಾಗ ಹ್ವಾದದ್ದು ಖರೇನಾ, ಅಂತ ಕೇಳ್ದ. ಊರು ಅಂದದ್ದು ಇರ್ಲಿ ಅಮೃತಾ. ಅಪ್ಪ ಕೇಳ್ದ.'

ಶಹಾಬಾದಿನ ಕಲ್ಲಿನ ಖಣಿಗೆ ಕೆಲಸಕ್ಕೆ ಹೋಗುತ್ತೇನೆ ಅಂದ. ನಾನು ಟ್ರಂಕಿನ ಒಂದು ಕಡೆ ಹಿಡಿಯಲು ಹೋದೆ. ಬೇಡ ಅಂದ. ಆ ಅಂಗೈ ಇನ್ನೂ ಪೂರ್ತಿ ಮುಚ್ಚುವುದಿಲ್ಲ, ಬಸವಂತಣ್ಣಾ.

ಹೆಣ್ಣಿನ ಮನೆಯಲ್ಲಿ ಸ್ವಲ್ಪ ಶೋ ಮಾಡಿದರೆ ಏನು ಮಹಾ ಅನ್ನುತ್ತೀ. ಆ ಶೋ ಮಾಡಲು ನೀನು ಎತ್ತಿಕೊಂಡದ್ದು ಯಾರದೆಂದು ನೋಡು. ನಿನಗೆ ಹೊಲ ಇದೆ, ಬಿ.ಎ. ಇದೆ, ಅಪ್ಪನ ಹೆಸರಿದೆ, ಹ್ಯಾಂಡಲ್ ಬಿಟ್ಟು ಸೈಕಲ್ ಹೊಡೆಯಲು ಬರುತ್ತದೆ. ಅವರ ಮನೆಯಲ್ಲಿ ಇದ್ದದ್ದು ಒಂದೇ, ನೀರು ಬಲ್ಲವರು ಎಂಬ ಮಾತು. ಇಷ್ಟೆಲ್ಲ ಇದ್ದ ನೀನು ಅದೊಂದನ್ನೂ ತೆಗೆದುಕೊಂಡೆ. ಯಾಕೆ? ಎರಡು ಏಟಿನ ಗುರುತು ಯಾರ ಕೈಯದೆಂದು ಹೇಳಲು ನಾಚಿಕೆಯಾಗಿ! ಆ ಏಟು ಬೀಳದಿದ್ದರೆ ಹೆಣ್ಣು ನೋಡಲು ನೀನೇ ಇರುತ್ತಿರಲಿಲ್ಲ.

ಪಾಡ್ಯದ ಆ ದಂಡೆಯ ಪಂಚಾಯ್ತಿ ಬರುವ ಶನಿವಾರ. ನಾನು ಶುಕ್ರವಾರ ಸಂಜೆ ವಾಡಿಗೆ ಹೋಗಿ ಸೇಡಂ ಗಾಡಿ ಹತ್ತುತ್ತೇನೆ. ವಾರ್ಡನ್‌ಗೆ ರಜೆ ಚೀಟಿ ಕೊಟ್ಟಾಗಿದೆ. ಕಾರಣ ಎಂಬಲ್ಲಿ 'ಸುಳ್ಳು ಹೇಳಿದ್ದೇನೆ, ತಿರುಗಿ ಪಡೆಯುವುದಿದೆ' ಎಂದು ಬರೆದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ ಸಹಿ ಹಾಕಿದರು. ಹಿರಿಯರ ಮುಂದೆ ನಿಂತು ನಾನು ಆ ಹೌದನ್ನು ಇಲ್ಲ ಎಂದು ಹೇಳುತ್ತೇನೆ. ನನ್ನ ನಾಲಿಗೆ ತೊದಲುತ್ತದೆ, ಗೊತ್ತು. ಪಿಳಿಪಿಳಿ ಕಣ್ಣು ಬಿಡುವ ಈ ಹುಡುಗನ ಮಾತು ನಂಬುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನಂಬದಿದ್ದರೆ ಹರಗೋಲಿನಲ್ಲಿ ಕೂಡುತ್ತೇನೆ, ದೇವೀಂದ್ರನಿಗೆ ಹುಟ್ಟು ಹಿಡಿ ಎನ್ನುತ್ತೇನೆ, ಆ ದಂಡೆಗೆ ಹೋಗಿ ಈ ದಂಡೆಗೆ ಬರುತ್ತೇನೆ, ಅವರು ಸಾಕು ಅನ್ನುವ ತನಕ. ಈಜು ಬಾರದವನು ಸುಳ್ಳಿಗೆ ಹೊಳೆಯ ನಡುವೆ ಹೋಗಿ ಕೂಡುವುದಿಲ್ಲ ಎಂಬಷ್ಟು ಅವರಿಗೆ ತಿಳಿಯುತ್ತದೆ.

ನೀನು ಅಲ್ಲಿಗೆ ಬಾ. ಹೈದರಾಬಾದಿನ ಗಾಡಿ ಬೆಳಿಗ್ಗೆಯೇ ಸೇಡಂ ಮುಟ್ಟುತ್ತದೆ. ನೀನು ಬಂದು ನಿನ್ನ ಬಾಯಿಂದ ಹೇಳಿದರೆ ನಾನು ನನ್ನ ಪಾಲಿನ ಸುಳ್ಳನ್ನಷ್ಟೇ ಒಪ್ಪಿಕೊಂಡು ಹಿಂದೆ ಸರಿಯುತ್ತೇನೆ. ಬರದಿದ್ದರೆ ಇಬ್ಬರದನ್ನೂ ನಾನೇ ಹೇಳುತ್ತೇನೆ, 'ಅವ್ವಾ' ಎಂದು ಎರಡು ಸಲ ಒದರಿದ್ದನ್ನೂ ಸೇರಿಸಿ. ಸಾಹುಕಾರರ ಗಾಡಿಯಾಳುಗಳು ಅಲ್ಲಿರುತ್ತಾರೆ. ಚಿಂಚೋಳಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕೆಂಬುದು ಈಗ ನಮ್ಮಿಬ್ಬರಿಗೂ ಗೊತ್ತಿದೆ. ಲಗ್ನ ಮುರಿದರೆ ಅಪ್ಪ ನನ್ನನ್ನು ಮನೆಗೆ ಸೇರಿಸುವುದಿಲ್ಲ ಎಂಬುದನ್ನೂ ಯೋಚಿಸಿದ್ದೇನೆ. ಆದರೂ ಹೋಗುತ್ತೇನೆ.

ನೀಲಾಬಾಯಿಯವರಿಗೆ ಒಳ್ಳೆಯದಾಗಲಿ, ಅವರು ಯಾರಿಗೂ ಏನೂ ಮಾಡಿಲ್ಲ. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಹೋದರೆ ಪೆನ್ನು ಏಳುತ್ತಿಲ್ಲ. ಶನಿವಾರ ದಂಡೆಯ ಮೇಲೆ ನಿನ್ನ ಮುಖ ಕಂಡರೆ, ಆ ಮಾತನ್ನು ಬಾಯಿಂದಲೇ ಹೇಳುತ್ತೇನೆ.

ಹೌದು ಎಂದ ನಿನ್ನ ತಮ್ಮ,
ಅಮೃತಪ್ಪ